ದೆವ್ವ ನಮ್ಮದು, ಬರೆಯುವವರು ಯಾರು?

2025ರ ನವೆಂಬರ್ 28. ಗೋವಾದಲ್ಲಿ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದ ಕೊನೆಯ ದಿನ. ವೇದಿಕೆ ಏರಿದ ಹಿಂದಿ ನಟ ರಣವೀರ್ ಸಿಂಗ್, ಕೆಳಗೆ ಕೂತಿದ್ದ ನಮ್ಮ ರಿಷಬ್ ಶೆಟ್ಟಿಯವರನ್ನು ಹೊಗಳಲು ಹೊರಟು, 'ಕಾಂತಾರ ಚಾಪ್ಟರ್ 1' ಚಿತ್ರದ ಚಾವುಂಡಿ ದೈವದ ಆವೇಶವನ್ನು ಮುಖ ಕಿವಿಚಿ ಮಾಡಿ ತೋರಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಅದನ್ನು 'ಹೆಣ್ಣು ದೆವ್ವ' ಎಂದು ಕರೆದರು! ಕರಾವಳಿ ಕುದಿಯಿತು. ಡಿಸೆಂಬರ್ ಮೊದಲ ವಾರದಲ್ಲಿ ಕ್ಷಮೆಯೂ ಬಂತು.

ಆ ನಡುವಿನ ಒಂದು ದಿನ ಹರಿಹರದ ನನ್ನ ಪ್ರೆಸ್ಸಿಗೆ ನಾಲ್ಕು ಜನ ಹುಡುಗರು ನುಗ್ಗಿದರು. ಕೊರಳಲ್ಲಿ ಹಳದಿ ಕೆಂಪು ಶಾಲು. "ಅಣ್ಣ, ಸಾವಿರ ಕರಪತ್ರ ಬೇಕು, ಸಂಜಿಗೇ ಬೇಕು" ಅಂದರು. ಲಗ್ನಪತ್ರಿಕೆ ಕೆಲಸ ಪಕ್ಕಕ್ಕಿಟ್ಟು ಮ್ಯಾಟರ್ ಕೈಗೆ ತೆಗೆದುಕೊಂಡೆ. ತಲೆಬರಹ ಓದಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಕನ್ನಡದ ದೆವ್ವಕ್ಕೆ ಅವಮಾನ ಮಾಡಿದ ನಟನಿಗೆ ಧಿಕ್ಕಾರ!"

ಏನ್ರಪ್ಪಾ ಇದು? ಅವನು ದೈವವನ್ನು ದೆವ್ವ ಅಂದ ಎಂದು ಬೈಯಲು ಹೊರಟವರು ನೀವು. ನೀವೂ ದೆವ್ವ ಅಂತಲೇ ಬರೆದು ತಂದಿದ್ದೀರಿ!

"ಎರಡೂ ಒಂದೇ ಅಲ್ಲೇನಣ್ಣ?" ಅಂದ ಒಬ್ಬ. ಒಳ್ಳೆಯ ಹುಡುಗ, ರಾಜ್ಯೋತ್ಸವಕ್ಕೆ ಕೈಯಿಂದ ದುಡ್ಡು ಹಾಕುವವನು. ಅವನ ತಪ್ಪೇನು? ತುಂಗಭದ್ರೆಯ ದಂಡೆಯಲ್ಲಿ ಹುಟ್ಟಿದವನಿಗೆ ನೇತ್ರಾವತಿಯ ದಂಡೆಯ ದೈವ ಯಾವುದು ಎಂದು ಯಾರು ಹೇಳಿಕೊಟ್ಟಿದ್ದಾರೆ? ಪ್ರೂಫ್ ತಿದ್ದಿ, 'ದೈವ' ಎಂದು ಮಾಡಿ, ಹೊಡೆದು ಕೊಟ್ಟೆ. ಹೋಗುವಾಗ ಒಂದು ಪ್ರಶ್ನೆ ಕೇಳಿದೆ. "ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿದರೆ ಬೆಳಗಾಗುವುದರೊಳಗೆ ಪಣಜಿ. 2004ರಿಂದ ಆ ಉತ್ಸವ ಅಲ್ಲೇ ನಡೀತಾ ಐತಿ. ಕನ್ನಡದಾಗೆ ಬರೆಯೋಕೆ ನಮ್ಮ ಜಿಲ್ಲೆಯಿಂದ ಒಬ್ಬನನ್ನಾದರೂ ಕಳಿಸೀವೇನ್ರಲೇ?" ಉತ್ತರ ಬರಲಿಲ್ಲ. ಕರಪತ್ರದ ಕಟ್ಟು ಬೈಕಿಗೆ ಕಟ್ಟಿಕೊಂಡು ಹೋದರು.

ಕನ್ನಡದ ಗೆಳೆಯರೇ, ಈ ಲೇಖನ ಆ ಪ್ರಶ್ನೆಯ ಮುಂದುವರಿಕೆ. ಬೈಗುಳ ಹಿಂದಿಯವರಿಗೆ ಅಂತ ಓದಲು ಕೂತಿದ್ದರೆ ಈಗಲೇ ಹೇಳಿಬಿಡುತ್ತೇನೆ, ಮುಕ್ಕಾಲು ಪಾಲು ನಮಗೇ ಇದೆ.

ಹೆಸರಿನಲ್ಲೇ ಸೋತವರು

ನಮ್ಮ ನುಡಿಯಲ್ಲಿ ಭಯಕ್ಕೆ ಎಷ್ಟು ಹೆಸರು ನೋಡಿ. ನಮ್ಮ ಬಯಲುಸೀಮೆಯಲ್ಲಿ 'ಗಾಳಿ ಸೋಕಿದೆ' ಅನ್ನುತ್ತೇವೆ, 'ಪೀಡೆ ಮೆಟ್ಟಿದೆ' ಅನ್ನುತ್ತೇವೆ. ಎರಡೂ ಒಂದಲ್ಲ. ಮೋಹಿನಿ ಬೇರೆ, ಕೊಳ್ಳಿದೆವ್ವ ಬೇರೆ. ಓದಿಕೊಂಡವನು ಸತ್ತು ಆಗುವ ಬ್ರಹ್ಮರಾಕ್ಷಸನೇ ಬೇರೆ. ಮಲೆನಾಡಿನ ಚೌಡಿ ದೆವ್ವವಲ್ಲ, ತೋಟ ಕಾಯುವವಳು, ಮುನಿದರೆ ಮಾತ್ರ ಕಾಟ. ಕರಾವಳಿಯ ಪಂಜುರ್ಲಿ, ಗುಳಿಗ, ಚಾವುಂಡಿಯರು ದೈವಗಳು. ತುಳುವಿನಲ್ಲಿ ಅವನ್ನೇ 'ಭೂತ' ಎಂದೂ ಕರೆಯುವುದುಂಟು. ಅಲ್ಲಿ 'ಭೂತದ ಕೋಲ' ಎಂದರೆ ಊರೇ ಕೈಮುಗಿದು ನಿಂತು ನ್ಯಾಯ ಕೇಳುವ ಜಾಗ. ನಮ್ಮ ದಾವಣಗೆರೆ ಕಡೆ 'ಭೂತ' ಎಂದರೆ ಹುಣಸೆಮರದಲ್ಲಿ ನೇತಾಡುವುದು. ಪದ ಒಂದೇ, ಇನ್ನೂರೈವತ್ತು ಮುನ್ನೂರು ಕಿಲೋಮೀಟರಿನಲ್ಲಿ ಅರ್ಥ ತಲೆಕೆಳಗು!

ಇಂಗ್ಲಿಷಿನಲ್ಲಿ ಬರೆಯುವವನು ಇವೆಲ್ಲಕ್ಕೂ 'ಘೋಸ್ಟ್' ಎಂದು ಒಂದೇ ಚೀಟಿ ಅಂಟಿಸುತ್ತಾನೆ. ಮುಂಬಯಿ ನಟ ಓದಿದ್ದು ಅದನ್ನೇ. ನಮ್ಮ ಹುಡುಗ ಮೊಬೈಲಿನಲ್ಲಿ ಓದಿದ್ದೂ ಅದನ್ನೇ. ಇಬ್ಬರೂ ಒಂದೇ ಪುಸ್ತಕದಲ್ಲಿ ಪಾಠ ಕಲಿತವರು.

ಇದರ ಬಗ್ಗೆ ಕನ್ನಡದಲ್ಲಿ ವಿದ್ವತ್ತು ಇಲ್ಲ ಎಂದು ಯಾರೂ ಹೇಳುವಂತಿಲ್ಲ. ಭೂತಾರಾಧನೆ ಕುರಿತು ಕೆ. ಚಿನ್ನಪ್ಪ ಗೌಡರು, ತುಳು ಜಾನಪದದ ಬಗ್ಗೆ ಬಿ.ಎ. ವಿವೇಕ ರೈ, ಅಮೃತ ಸೋಮೇಶ್ವರ ಇವರೆಲ್ಲ ಜೀವ ತೇದು ಬರೆದಿದ್ದಾರೆ. ಅದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಅಲ್ಲಿಂದ ಹರಿಹರದ ಬಸ್ ಸ್ಟ್ಯಾಂಡಿನ ಪೇಪರ್ ಅಂಗಡಿಗೆ ಹೊತ್ತು ತರುವವನು ಪತ್ರಕರ್ತ. ಸಿನಿಮಾ ಸೆಟ್ಟಿಗೆ ಹೋಗಿ, ಚಿತ್ರೋತ್ಸವದಲ್ಲಿ ಕೂತು, ಹೊರಗಿನವನ ಪಕ್ಕದಲ್ಲೇ ನಿಂತು "ಸ್ವಾಮಿ, ಅದು ದೆವ್ವ ಅಲ್ಲ" ಎಂದು ಅಲ್ಲೇ ಹೇಳಿ, ಇಲ್ಲಿಗೂ ಬರೆಯುವವನು. ಭಯದ ಸಿನಿಮಾವನ್ನೇ ಹೊಟ್ಟೆಪಾಡು ಮಾಡಿಕೊಂಡ ಅಂಥ ಒಬ್ಬ ಪತ್ರಕರ್ತ ಕನ್ನಡಕ್ಕೆ ಬೇಕು. ನಗಬೇಡಿ. ಬೇರೆ ಕಡೆ ಇದ್ದಾರೆ.

ಅವರ ಊರಿನ ಕಥೆ

1979ರಲ್ಲಿ ಅಮೆರಿಕಾದಲ್ಲಿ 'ಫ್ಯಾಂಗೋರಿಯಾ' ಎಂಬ ಪತ್ರಿಕೆ ಶುರುವಾಯಿತು. ಪೂರ್ತಿ ಭಯದ ಸಿನಿಮಾಗಳಿಗೇ ಮೀಸಲು. ಅದರ ವರದಿಗಾರ ಸೆಟ್ಟಿಗೆ ಹೋಗಿ ನಾಯಕಿಯ ಸೀರೆ ಬಣ್ಣ ಬರೆಯುತ್ತಿರಲಿಲ್ಲ. ಮೇಕಪ್ಪಿನವನ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ರಕ್ತ ಯಾವುದರಿಂದ ಮಾಡಿದರು (ಮೆಕ್ಕೆಜೋಳದ ಪಾಕಕ್ಕೆ ಕೆಂಪು ಬಣ್ಣ), ಕತ್ತರಿಸಿದ ಕೈಯೊಳಗೆ ಕೊಳವೆ ಎಲ್ಲಿ ಅಡಗಿಸಿದರು, ಇದನ್ನೆಲ್ಲ ಬರೆಯುತ್ತಿದ್ದ. ಅದನ್ನು ಓದಿದ ಹುಡುಗರು ಮನೆ ಅಡುಗೆಮನೆಯಲ್ಲಿ ರಕ್ತ ಕಾಯಿಸಿ ಕಲಿತರು.

ಇಂಗ್ಲೆಂಡಿನಲ್ಲಿ ಅಲನ್ ಜೋನ್ಸ್ ಎಂಬೊಬ್ಬರಿದ್ದಾರೆ. ಎಪ್ಪತ್ತರ ದಶಕದಿಂದ ಇದೇ ಕಸುಬು. 'ಸಿನೆಫೆಂಟಾಸ್ಟಿಕ್', 'ಸ್ಟಾರ್‌ಬರ್ಸ್ಟ್' ಪತ್ರಿಕೆಗಳಿಗೆ ಬರೆಯುತ್ತ ದೇಶದೇಶದ ಸೆಟ್ ತಿರುಗಿದರು. ಇಟಲಿಯ ನಿರ್ದೇಶಕ ದಾರಿಯೋ ಅರ್ಜೆಂತೋನ ಸೆಟ್ಟುಗಳಿಗೆ ಮತ್ತೆ ಮತ್ತೆ ಹೋಗಿ ಕೊನೆಗೆ ಅವನ ಮೇಲೆ ಪುಸ್ತಕವನ್ನೇ ಬರೆದರು. 2000ದಲ್ಲಿ ಲಂಡನ್ನಿನಲ್ಲಿ 'ಫ್ರೈಟ್‌ಫೆಸ್ಟ್' ಎಂಬ ಭಯದ ಚಿತ್ರೋತ್ಸವ ಕಟ್ಟಿದವರಲ್ಲಿ ಇವರೂ ಒಬ್ಬರು. ಒಬ್ಬ ವರದಿಗಾರನ ಓಡಾಟದಿಂದ ಒಂದು ಉತ್ಸವ ಹುಟ್ಟುತ್ತದೆ ಎಂದರೆ ಆ ಓಡಾಟದ ಬಲ ಎಷ್ಟಿರಬೇಕು!

ಇಂಗ್ಲಿಷಿನವರ ಮಾತು ಬಿಡಿ, ಅವರಿಗೆ ಲೋಕವೇ ಅಂಗಡಿ ಅನ್ನುತ್ತೀರಾ? ಸರಿ. ಕತಲಾನ್ ಭಾಷೆಯವರನ್ನು ನೋಡಿ. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೋ ಕಾಲದಲ್ಲಿ ಶಾಲೆ ಕಚೇರಿಗಳಿಂದ ಹೊರಗಟ್ಟಿಸಿಕೊಂಡ ನುಡಿ ಅದು. ಅವರ ನಾಡಿನ ಸಿಟ್ಜೆಸ್ ಎಂಬ ಸಮುದ್ರದಂಡೆಯ ಪಟ್ಟಣ ನಮ್ಮ ಹರಿಹರಕ್ಕಿಂತ ಚಿಕ್ಕದು. ಅಲ್ಲಿ 1968ರಿಂದ ಭಯದ, ಅದ್ಭುತದ ಸಿನಿಮಾಗಳಿಗೆಂದೇ ಉತ್ಸವ ನಡೆಯುತ್ತಿದೆ. ಇವತ್ತು ಅದು ಲೋಕಪ್ರಸಿದ್ಧ. ಅದರ ಹೆಸರು ಕತಲಾನ್ ಭಾಷೆಯಲ್ಲಿದೆ, 'ಕತಲೂನ್ಯದ ಉತ್ಸವ' ಎಂದೇ ಕರೆದುಕೊಂಡಿದ್ದಾರೆ. ಹಾಲಿವುಡ್ಡಿನ ಮಹಾಶಯರೂ ಆ ಬೋರ್ಡಿನ ಕೆಳಗೆ ನಿಂತೇ ಫೋಟೋ ತೆಗೆಸಿಕೊಳ್ಳಬೇಕು. ಭಾಷೆ ಉಳಿಸುವುದು ಎಂದರೆ ಕರಪತ್ರ ಹಂಚುವುದು ಒಂದೇ ಅಲ್ಲ ಸ್ವಾಮಿ.

ಅಷ್ಟು ದೂರವೂ ಬೇಡ. ಪಕ್ಕದ ಕೇರಳ. ತಿರುವನಂತಪುರದ ಚಿತ್ರೋತ್ಸವದಲ್ಲಿ 2022ರಲ್ಲಿ ಇಂಡೋನೇಷ್ಯಾದ ಒಂದು ದೆವ್ವದ ಸಿನಿಮಾವನ್ನು ನಿಶಾಗಂಧಿ ಬಯಲು ರಂಗಮಂದಿರದಲ್ಲಿ ನಡುರಾತ್ರಿ ತೋರಿಸಿದರು. 2023ರಲ್ಲಿ ಅದೇ ಜಾಗದಲ್ಲಿ ನಡುರಾತ್ರಿ 'ದಿ ಎಕ್ಸಾರ್ಸಿಸ್ಟ್'. ಡಿಸೆಂಬರಿನ ಚಳಿಯಲ್ಲಿ ಆಕಾಶದ ಕೆಳಗೆ ಕೂತು ಸಿನಿಮಾ ನೋಡಿ, ಬೆಳಗ್ಗೆ ಟೀ ಅಂಗಡಿಯಲ್ಲಿ ಮಲಯಾಳದಲ್ಲೇ ಜಗಳವಾಡುವ ಪಡ್ಡೆ ಹುಡುಗರ ನಾಡು ಅದು. ಆ ಜಗಳದಿಂದಲೇ ಅವರಿಗೆ 2024ರಲ್ಲಿ 'ಭ್ರಮಯುಗಂ' ಥರದ ಕಪ್ಪುಬಿಳುಪು ಸಿನಿಮಾ ಮಾಡುವ ಧೈರ್ಯ ಬಂದಿದ್ದು ಎಂದು ನನ್ನ ಗುಮಾನಿ.

ನಮ್ಮ ಊರಿನ ವ್ಯಾನು

ನಮ್ಮಲ್ಲಿ ಸೆಟ್ಟಿಗೆ ಪತ್ರಕರ್ತರು ಹೋಗುವುದಿಲ್ಲವೇ? ಹೋಗುತ್ತಾರೆ. ನಿರ್ಮಾಪಕರ ವ್ಯಾನಿನಲ್ಲಿ. ನಿರ್ಮಾಪಕರ ಊಟ, ನಿರ್ಮಾಪಕರ ಲಾಡ್ಜು, ವಾಪಸು ಬರುವಾಗ ಕೈಗೊಂದು ಕೈಚೀಲ. ಮಾರನೇ ದಿನದ ವರದಿ: "ಚಿತ್ರ ವಿಭಿನ್ನವಾಗಿ ಮೂಡಿಬರುತ್ತಿದೆ." ಈ 'ವಿಭಿನ್ನ' ಎಂಬ ಪದಕ್ಕೆ ಬಾಯಿದ್ದರೆ ಯಾವತ್ತೋ ತುಂಗಭದ್ರೆಗೆ ಹಾರಿಕೊಳ್ಳುತ್ತಿತ್ತು. ಒಂದೇ ಒಕ್ಕಣೆ ನಾಲ್ಕು ಪತ್ರಿಕೆಯಲ್ಲಿ ಅಕ್ಷರ ತಪ್ಪಿನ ಸಮೇತ ಬರುವುದನ್ನು ನಾನೇ ನೋಡಿದ್ದೇನೆ. ಪ್ರಿಂಟರಿಗೆ ತಪ್ಪು ಬೇಗ ಕಾಣುತ್ತದೆ, ಅದೊಂದು ರೋಗ.

ಎಲ್ಲರೂ ಹಾಗೇ ಎನ್ನುತ್ತಿಲ್ಲ. ಮದರಾಸಿನಿಂದ ಬರುತ್ತಿದ್ದ 'ವಿಜಯಚಿತ್ರ', ಆಮೇಲಿನ 'ರೂಪತಾರಾ', 'ಅರಗಿಣಿ' ಓದಿಯೇ ನಮ್ಮಪ್ಪನ ಪ್ರೆಸ್ಸಿನ ಮೊಳೆ ಜೋಡಿಸುವ ಹುಡುಗರು ಅಕ್ಷರ ಕಲಿತಿದ್ದು. ಅವುಗಳಲ್ಲಿ ಕಷ್ಟಪಟ್ಟು ಊರೂರು ಅಲೆದು ಬರೆದವರಿದ್ದರು. ನನ್ನ ಸಿಟ್ಟು ಆಮೇಲೆ ಬಂದ ವ್ಯಾನಿನ ಮೇಲೆ.

ಹತ್ತು ಹನ್ನೆರಡು ವರ್ಷದ ಹಿಂದೆ ನನ್ನ ಪ್ರೆಸ್ಸಿನಲ್ಲಿ ಒಂದು ಸಿನಿಮಾ ಪಾಕ್ಷಿಕ ಅಚ್ಚಾಗುತ್ತಿತ್ತು. ಹೆಸರು ಬೇಡ, ಸತ್ತವರ ಹೆಸರೆತ್ತಬಾರದು. ಅದಕ್ಕೆ ನಮ್ಮೂರಿನ ಹುಡುಗನೊಬ್ಬ ಬರೆಯುತ್ತಿದ್ದ. ದೆವ್ವದ ಸಿನಿಮಾ ಎಂದರೆ ಪ್ರಾಣ. ದಾವಣಗೆರೆಯಲ್ಲಿ ಡಿಗ್ರಿ ಓದುವಾಗಲೇ ಇಂಗ್ಲಿಷ್ ಪತ್ರಿಕೆಗಳ ಜೆರಾಕ್ಸ್ ತರಿಸಿ ಓದಿದ್ದವನು. ಮಲೆನಾಡಿನ ಒಂದು ಹಳೇ ಮನೆಯಲ್ಲಿ ದೆವ್ವದ ಸಿನಿಮಾ ಶೂಟಿಂಗು, ಎಲ್ಲ ಪತ್ರಿಕೆಯವರ ಜೊತೆ ಇವನನ್ನೂ ಕರೆದುಕೊಂಡು ಹೋದರು. ಉಳಿದವರು ಊಟ ಮುಗಿಸಿ ಹೀರೋ ಜೊತೆ ಫೋಟೋ ತೆಗೆಸಿಕೊಂಡು ಮಲಗಿದರು. ಇವನು ರಾತ್ರಿಯೆಲ್ಲ ಎಚ್ಚರವಾಗಿದ್ದ. ಮೇಕಪ್ಪಿನ ಮುದುಕ ಬೆಲ್ಲದ ಪಾಕಕ್ಕೆ ಬಣ್ಣ ಹಾಕಿ, ಒಣಗಿದ ರಕ್ತದ ಕಪ್ಪು ಬರಲಿ ಎಂದು ಕಾಫಿ ಡಿಕಾಕ್ಷನ್ ಬೆರೆಸುವುದನ್ನು ನೋಡಿದ. ದೆವ್ವದ ವೇಷದ ಜೂನಿಯರ್ ಕಲಾವಿದೆ ಮೊಣಕಾಲುದ್ದದ ಕೊಳದ ನೀರಲ್ಲಿ ರಾತ್ರಿಯೆಲ್ಲ ನಿಂತಿದ್ದಳು. ಮಾತಾಡಿಸಿದ. ಆರು ರಾತ್ರಿಯಿಂದ ಹೀಗೇ, ಬಾಟಾ ಇನ್ನೂ ಕೈಗೆ ಬಂದಿಲ್ಲ ಅಂದಳಂತೆ.

ಎರಡನ್ನೂ ಬರೆದ. ಬೆಲ್ಲದ ಪಾಕವನ್ನೂ, ಬಾಟಾವನ್ನೂ. ಆ ಲೇಖನ ಪ್ರೂಫ್ ಓದುತ್ತ ನಾನು ರಾತ್ರಿ ಊಟ ಮರೆತಿದ್ದೆ. ಕನ್ನಡದಲ್ಲಿ ಅಂಥದ್ದು ನನ್ನ ಮಷೀನಿನ ಮೇಲೆ ಅದಕ್ಕಿಂತ ಮೊದಲು ಬಂದಿರಲಿಲ್ಲ.

ಸಂಚಿಕೆ ಹೊರಬಂದ ಮೂರನೇ ದಿನ ಜಾಹೀರಾತು ನಿಂತಿತು. ಮುಂದಿನ ಸಂಚಿಕೆಯಲ್ಲಿ ಸಂಪಾದಕರ ವಿಷಾದ, ಅದನ್ನೂ ನಾನೇ ಅಚ್ಚು ಹಾಕಿದೆ. ಹುಡುಗನ ಹೆಸರು ವ್ಯಾನಿನ ಪಟ್ಟಿಯಿಂದ ಹಾರಿತು. ಆರು ತಿಂಗಳಲ್ಲಿ ಪತ್ರಿಕೆ ಮುಚ್ಚಿತು, ನನ್ನ ಎರಡು ಸಂಚಿಕೆಯ ಬಿಲ್ಲು ಹಾಗೇ ಉಳಿಯಿತು. ಅದು ಹಾಳಾಗಲಿ. ಆ ಹುಡುಗ ಈಗ ಬೆಂಗಳೂರಿನಲ್ಲಿ ಕಂಪನಿಯೊಂದಕ್ಕೆ ಇಂಗ್ಲಿಷಿನಲ್ಲಿ ಬರೆದುಕೊಡುತ್ತಾನೆ. ಕಳೆದ ಯುಗಾದಿಗೆ ಊರಿಗೆ ಬಂದವನನ್ನು ಕೇಳಿದೆ. "ಕನ್ನಡದಾಗೆ ಬರೆದ್ರ ಬಸ್ ಚಾರ್ಜೂ ಹುಟ್ಟಲ್ಲ ಅಣ್ಣ, ನಿಂಗೇ ಗೊತ್ತೈತಲ್ಲ" ಅಂದ. ನನಗೆ ಗೊತ್ತು. ನನ್ನ ಬಿಲ್ಲೇ ಬಂದಿಲ್ಲ.

ಬರೆಯದೆ ಬಿಟ್ಟದ್ದರ ಲೆಕ್ಕ

ಫ್ಯಾಂಗೋರಿಯಾ ಹುಟ್ಟಿದ ಅದೇ 1979ರಲ್ಲಿ ನಮ್ಮಲ್ಲಿ 'ನಾ ನಿನ್ನ ಬಿಡಲಾರೆ' ಬಂತು. ಅನಂತನಾಗ್ ಮೈಮೇಲೆ ಕಾಮಿನಿಯ ದೆವ್ವ ಬಂದು ನಾಡಿಗೆ ನಾಡೇ ನಡುಗಿತು. ಎರಡೇ ವರ್ಷದಲ್ಲಿ ಅದು 'ಮಂಗಳಸೂತ್ರ' ಎಂದು ಹಿಂದಿಗೆ ಹೋಯಿತು, ಅಲ್ಲೂ ಅನಂತನಾಗ್, ಜೊತೆಗೆ ರೇಖಾ. ಆ ಸಿನಿಮಾ ನೋಡಿ ನಮ್ಮವ್ವ ವಾರಗಟ್ಟಲೆ ದೀಪ ಆರಿಸಿ ಮಲಗಲಿಲ್ಲವಂತೆ. ಆ ಭಯವನ್ನು ಹೇಗೆ ಕಟ್ಟಿದರು, ಕ್ಯಾಮೆರಾ ಎಲ್ಲಿಟ್ಟರು, ಧ್ವನಿ ಎಲ್ಲಿ ತುಂಬಿದರು? ಎಲ್ಲಾದರೂ ಬರೆದವರಿದ್ದರೆ ಕೈಮುಗಿಯುತ್ತೇನೆ. ನನ್ನ ಕಪಾಟಿಗಂತೂ ಬಂದಿಲ್ಲ. ಹಿಂದಿಯ ರಾಮ್ಸೆ ಸಹೋದರರು ಕಡಿಮೆ ದುಡ್ಡಿನಲ್ಲಿ ಸರಣಿ ದೆವ್ವದ ಸಿನಿಮಾ ಮಾಡಿದವರು. ಅವರ ಮೇಲೆ 2017ರಲ್ಲಿ ಇಂಗ್ಲಿಷಿನಲ್ಲಿ ದಪ್ಪ ಪುಸ್ತಕವೇ ಬಂತು.

1993ರಲ್ಲಿ ಉಪೇಂದ್ರರ 'ಶ್!' ಬಂದಾಗ ನಾನು ಹೈಸ್ಕೂಲು. ಶೂಟಿಂಗಿಗೆ ಹೋದ ಸಿನಿಮಾ ತಂಡವೊಂದರ ಕಥೆಯನ್ನೇ ಭಯದ ಸಿನಿಮಾ ಮಾಡಿದ್ದರು. ಸೆಟ್ಟಿನ ಬದುಕು ಎಂದರೇನು ಎಂದು ನಮಗೆ ಮೊದಲು ತೋರಿಸಿದ್ದು ಪತ್ರಿಕೆಯಲ್ಲ, ಒಂದು ದೆವ್ವದ ಸಿನಿಮಾ. ಇದಕ್ಕಿಂತ ನಾಚಿಕೆಗೇಡು ಬೇಕೆ?

2004ರ 'ಆಪ್ತಮಿತ್ರ'ಕ್ಕೆ ಬನ್ನಿ. ನಾಗವಲ್ಲಿ ತೆಲುಗು ಮಾತಾಡುತ್ತಾಳೆ, ಹಾಡುವುದೂ ತೆಲುಗಿನಲ್ಲೇ. ಆಗ ನಾನು ಬಿಸಿರಕ್ತದವನು. "ಕನ್ನಡ ಸಿನಿಮಾದ ದೆವ್ವಕ್ಕೂ ಕನ್ನಡ ಬರಲ್ಲವೇ?" ಎಂದು ಟಾಕೀಸಿನ ಮುಂದೆ ಕೂಗಾಡಿದ್ದೆ. ತಪ್ಪು ನನ್ನದು. 1993ರ ಮಲಯಾಳದ ಮೂಲ 'ಮಣಿಚಿತ್ರತ್ತಾಳ್'ನಲ್ಲಿ ನಾಗವಲ್ಲಿ ತಂಜಾವೂರಿನ ತಮಿಳು ನರ್ತಕಿ. 2005ರ ತಮಿಳು 'ಚಂದ್ರಮುಖಿ'ಯಲ್ಲಿ ಆಕೆ ತೆಲುಗಿನವಳು. 2007ರ ಹಿಂದಿ 'ಭೂಲ್ ಭುಲಯ್ಯಾ'ದಲ್ಲಿ ಬಂಗಾಳಿ. ಗಮನಿಸಿದಿರಾ? ಪ್ರತಿಯೊಂದು ಭಾಷೆಯೂ ತನ್ನ ದೆವ್ವಕ್ಕೆ ಪಕ್ಕದ ಮನೆಯವಳ ಭಾಷೆ ಕೊಟ್ಟಿದೆ! ಯಾಕೆ? ಅರಮನೆಗೆ ಹೊರಗಿನಿಂದ ತಂದ ಹೆಣ್ಣು, ಅನ್ಯಾಯವಾಗಿ ಸತ್ತವಳು, ಅವಳ ಮಾತು ಮನೆಯವರಿಗೆ ಅರ್ಥವಾಗಬಾರದು, ಅದೇ ಭಯ. ಭಾಷೆಯ ಹೋರಾಟ ಮಾಡುವ ನಮಗೆ ಇದಕ್ಕಿಂತ ದೊಡ್ಡ ಪಾಠ ಯಾವ ಭಾಷಣದಲ್ಲಿದೆ? ಇದು ನನಗೆ ಹೊಳೆದದ್ದು ಹತ್ತು ವರ್ಷ ತಡವಾಗಿ. 2004ರಲ್ಲೇ ಒಬ್ಬ ಕನ್ನಡದ ಪತ್ರಕರ್ತ ನಾಲ್ಕು ಊರು ತಿರುಗಿ ಬರೆದಿದ್ದರೆ ನಾನು ಆವತ್ತು ಟಾಕೀಸಿನ ಮುಂದೆ ಮೂರ್ಖನಾಗುತ್ತಿರಲಿಲ್ಲ.

ಅದರ ಬದಲು ನಮ್ಮಲ್ಲಿ ಏನು ನಡೆಯಿತು? ಸೌಂದರ್ಯ 2004ರ ಏಪ್ರಿಲ್ 17ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡರು. ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ಮೈಸೂರಿನಲ್ಲಿ ಹೃದಯಾಘಾತದಿಂದ ಹೋದರು, 'ಆಪ್ತರಕ್ಷಕ' ತೆರೆಗೆ ಬರುವ ಮೊದಲೇ. ಎರಡು ಮನೆಯ ಶೋಕ. ಅದನ್ನು ತೆಗೆದುಕೊಂಡು 'ನಾಗವಲ್ಲಿ ಶಾಪ' ಎಂದು ಕೆಂಪಕ್ಷರದಲ್ಲಿ ಬರೆದರು, ಟೀವಿಯಲ್ಲಿ ಜ್ಯೋತಿಷಿಗಳನ್ನು ಕೂರಿಸಿ ರಾತ್ರಿಯೆಲ್ಲ ಮಾತಾಡಿಸಿದರು. ಥೂ! ಸಿನಿಮಾದೊಳಗಿನ ದೆವ್ವವನ್ನು ಬಿಡಿಸಿ ತೋರಿಸಬೇಕಾದವರು ಸಿನಿಮಾದ ಹೊರಗೂ ದೆವ್ವ ಬಿಟ್ಟರು. ಭಯದ ಸಿನಿಮಾದ ಪತ್ರಿಕೋದ್ಯಮ ಇಲ್ಲದ ಕಡೆ ಭಯದ ಪತ್ರಿಕೋದ್ಯಮ ಬೆಳೆಯುತ್ತದೆ. ಅದಕ್ಕೆ ಸೆಟ್ಟಿಗೂ ಹೋಗಬೇಕಿಲ್ಲ, ಉತ್ಸವಕ್ಕೂ ಹೋಗಬೇಕಿಲ್ಲ.

ಇನ್ನು 'ನಾಳೆ ಬಾ'. ತೊಂಬತ್ತರ ದಶಕದಲ್ಲಿ ಬೆಂಗಳೂರಿನಿಂದ ಹಿಡಿದು ಹಳ್ಳಿಗಳವರೆಗೆ ಬಾಗಿಲ ಮೇಲೆ ಬರೆದಿದ್ದರು. ರಾತ್ರಿ ಹೆಣ್ಣು ದೆವ್ವ ಬಂದು ಪರಿಚಯದವರ ದನಿಯಲ್ಲಿ ಕೂಗುತ್ತದೆ, ಬಾಗಿಲ ಮೇಲಿನ ಅಕ್ಷರ ಓದಿ ವಾಪಸು ಹೋಗುತ್ತದೆ. ನಮ್ಮ ಓಣಿಯಲ್ಲಿ ನಾನೇ ಸೀಮೆಸುಣ್ಣದಲ್ಲಿ ಹತ್ತಾರು ಮನೆಗೆ ಬರೆದುಕೊಟ್ಟಿದ್ದೇನೆ, ನನ್ನ ಅಕ್ಷರ ಗುಂಡಗಿತ್ತು. ಆ ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತು ಎನ್ನುವುದನ್ನು ಮರೆಯಬೇಡಿ! 2018ರಲ್ಲಿ ಹಿಂದಿಯಲ್ಲಿ 'ಸ್ತ್ರೀ' ಬಂತು. ಮಧ್ಯಪ್ರದೇಶದ ಚಂದೇರಿ ಎಂಬ ಊರು, ಗೋಡೆಗೋಡೆಯ ಮೇಲೆ 'ಕಲ್ ಆನಾ'. ಇದರ ಬೇರು ಕರ್ನಾಟಕದ 'ನಾಳೆ ಬಾ' ಎಂದು ಆಗಲೇ ಪತ್ರಿಕೆಗಳಲ್ಲಿ ಬಂತು. ಬಂದದ್ದು ಹೆಚ್ಚಾಗಿ ಇಂಗ್ಲಿಷಿನಲ್ಲಿ. 2024ರ ಎರಡನೇ ಭಾಗ ನೂರಾರು ಕೋಟಿ ಬಾಚಿತು.

ಕದ್ದರು ಎಂದು ಕೂಗಲು ನನಗೆ ಮನಸ್ಸಿಲ್ಲ. ದೆವ್ವದ ಕಥೆಗೆ ಪಹಣಿ ಇರುವುದಿಲ್ಲ, ಊರಿಂದ ಊರಿಗೆ ಹೋಗುವುದೇ ಅದರ ಸ್ವಭಾವ. ಆದರೆ ತೊಂಬತ್ತರ ದಶಕದಲ್ಲಿ ಯಾವ ಓಣಿಯಲ್ಲಿ ಮೊದಲು ಬರೆದರು, ಯಾರ ಮನೆಯ ಸಾವಿನಿಂದ ಶುರುವ, ಬಯಲುಸೀಮೆಗೆ ಯಾವಾಗ ಬಂತು ಎಂದು ಒಬ್ಬ ಮನೆಮನೆ ತಿರುಗಿ ಬರೆದಿಟ್ಟಿದ್ದರೆ? ಹಿಂದಿಯವನು ಆ ಪುಸ್ತಕ ತೆಗೆದುಕೊಂಡೇ ಮುಂಬಯಿಗೆ ಹೋಗಬೇಕಾಗುತ್ತಿತ್ತು, ಪುಸ್ತಕದ ಮೇಲೆ ಕನ್ನಡದವನ ಹೆಸರು ಇರುತ್ತಿತ್ತು.

2016ರ ಪವನ್ ಕುಮಾರ್ ಅವರ 'ಯೂ ಟರ್ನ್' ಇನ್ನೊಂದು ಥರದ ಕಥೆ. ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆಯ ದೆವ್ವ ತೆಲುಗು, ತಮಿಳು ದಾಟಿ 2020ರಲ್ಲಿ ಫಿಲಿಪ್ಪೀನ್ಸಿಗೂ, ಆಮೇಲೆ ಹಿಂದಿಗೂ ಹೋಯಿತು. ಹೆಮ್ಮೆಯ ಮಾತು. ಆದರೆ ಆ ಸಿನಿಮಾದಲ್ಲಿ ದೆವ್ವದ ಬೆನ್ನುಹತ್ತುವವಳು ಯಾರು? ಇಂಗ್ಲಿಷ್ ಪತ್ರಿಕೆಯ ತರಬೇತಿ ವರದಿಗಾರ್ತಿ. ಕಥೆಗಾರನ ತಪ್ಪು ಹುಡುಕುತ್ತಿಲ್ಲ. ಕನ್ನಡ ಪತ್ರಿಕೆಯವಳು ಹೀಗೆ ರಸ್ತೆಗಿಳಿದು ಹುಡುಕುತ್ತಾಳೆ ಎಂದು ತೋರಿಸಿದ್ದರೆ ನಮ್ಮ ಜನ ನಂಬುತ್ತಿದ್ದರೇ? ಎದೆ ಮುಟ್ಟಿಕೊಂಡು ಹೇಳಿ.

ಕಾವೇರಿ, ಕೆಲಸ, ಬೋರ್ಡು ಬಿಟ್ಟು ದೆವ್ವವೇ?

ಈ ಪತ್ರಿಕೆ ಓದುವ ಹಿರಿಯರು ಗದರುತ್ತಾರೆ ಎಂದು ಗೊತ್ತು. "ಸರೋಜಿನಿ ಮಹಿಷಿ ವರದಿ ಕೊಟ್ಟು ನಲವತ್ತು ವರ್ಷವಾಯಿತು, ನಮ್ಮ ಹುಡುಗರಿಗೆ ಕೆಲಸವಿಲ್ಲ. ಅರವತ್ತು ಪರ್ಸೆಂಟ್ ಕನ್ನಡ ಬೋರ್ಡಿಗೆ 2024ರಲ್ಲಿ ಕಾನೂನು ತಿದ್ದಿದರೂ ಅಂಗಡಿಯವರು ಕೇಳುತ್ತಿಲ್ಲ. ಇವನೊಬ್ಬ ದೆವ್ವದ ಸಿನಿಮಾ ಹಿಡಿದುಕೊಂಡು ಬಂದ!"

ಹಿರಿಯರೇ, ನಿಮ್ಮ ಬೋರ್ಡಿನ ಚಳವಳಿಯ ಕರಪತ್ರವನ್ನೂ ನಾನೇ ಹೊಡೆದಿದ್ದೇನೆ, ಅರ್ಧ ದರದಲ್ಲಿ. ಆದರೆ ನಿಮ್ಮ ಮೊಮ್ಮಗ ರಾತ್ರಿ ಹೊದಿಕೆಯೊಳಗೆ ಮೊಬೈಲಿನಲ್ಲಿ ನೋಡುವುದು ಏನು? ಕಾಂಜ್ಯೂರಿಂಗ್. ಅದು ಈ ದೇಶದಲ್ಲಿ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಿಡುಗಡೆಯಾಯಿತು. ಡಬ್ಬಿಂಗ್ ತಡೆಯುವಂತಿಲ್ಲ ಎಂದು ಸ್ಪರ್ಧಾ ಆಯೋಗ 2015ರಲ್ಲೇ ಹೇಳಿದೆ, ಆ ಜಗಳ ಇಲ್ಲಿ ಬೇಡ, ನಮ್ಮೊಳಗೇ ಎರಡು ಗುಂಪಿದೆ. ನಾನು ಹೇಳುವುದಿಷ್ಟು. ಹುಡುಗ ಹೆದರುವುದು ಹಿಂದಿಯಲ್ಲಿ, ಅದರ ಬಗ್ಗೆ ಓದುವುದು ಇಂಗ್ಲಿಷಿನಲ್ಲಿ. ಬೋರ್ಡು ಕನ್ನಡದಲ್ಲಿರುತ್ತದೆ. ಬೋರ್ಡಿನ ಕೆಳಗೆ ನಿಂತವನ ತಲೆಯೊಳಗಿನ ಕತ್ತಲೆಗೆ ಕನ್ನಡ ಬೇಡವೇ?

ಕೆಲಸದ ಮಾತೂ ಹೇಳುತ್ತೇನೆ. ನಮ್ಮೂರ ಹರಿಹರೇಶ್ವರನ ಗುಡಿಯನ್ನು 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ. ಆ ಗುಡಿಯ ಸ್ಥಳಪುರಾಣ ಏನು? ಗುಹಾಸುರ ಎಂಬ ರಕ್ಕಸ. ಹರಿಯಿಂದಲೂ ಹರನಿಂದಲೂ ಸಾವಿಲ್ಲದ ವರ ಪಡೆದವನು. ಅವನ ಭಯಕ್ಕೆ ಇಬ್ಬರು ದೇವರು ಒಂದೇ ಮೈಯಾಗಿ ಬರಬೇಕಾಯಿತು. ಭಯದ ಕಥೆಯ ಮೇಲೆ ಎಂಟುನೂರು ವರ್ಷದಿಂದ ನಿಂತ ಊರು ಇದು. ಇನ್ನೊಂದು ಕಡೆ, 1941ರಲ್ಲಿ ಶುರುವಾಗಿ ಸಾವಿರಾರು ಮನೆಗೆ ಅನ್ನ ಹಾಕಿದ ಕಿರ್ಲೋಸ್ಕರ್ ಕಾರ್ಖಾನೆ ಬಾಗಿಲು ಮುಚ್ಚಿ ಎರಡು ದಶಕ ದಾಟಿತು. ಆ ಸೈರನ್ ನಿಂತ ಮೇಲಿನ ಸಂಜೆಗಳನ್ನು ಕಂಡವರಿಗೆ ಬೇರೆ ದೆವ್ವದ ಸಿನಿಮಾ ಬೇಕಿಲ್ಲ. ಇಂಥ ಊರಿನ ಹುಡುಗ ಸೆಟ್ ನೋಡಿ ಬಂದು ಬರೆದರೆ, ಅದನ್ನು ಓದಿದ ಇನ್ನೊಬ್ಬ ಮೇಕಪ್ ಕಲಿಯುತ್ತಾನೆ, ಮತ್ತೊಬ್ಬ ಧ್ವನಿ ಕಲಿಯುತ್ತಾನೆ. 2013ರ '6-5=2' ಸಿನಿಮಾ ಕಾಡಿಗೆ ಚಾರಣ ಹೋದ ಗೆಳೆಯರು, ಕೈಕ್ಯಾಮೆರಾ, ಇಷ್ಟರಲ್ಲೇ ದುಡ್ಡು ಮಾಡಿ ಮರುವರ್ಷ ಹಿಂದಿಗೂ ಹೋಯಿತು. ಅದಕ್ಕೆ ಬೇಕಾದ ಕಾಡು ನಮ್ಮ ಶಿವಮೊಗ್ಗದ ಆಚೆಗೇ ಇದೆ.

ದುಡ್ಡು ಎಲ್ಲಿಂದ? ನನ್ನ ಲೆಕ್ಕ ಕೇಳಿ. ಕಳೆದ ರಾಜ್ಯೋತ್ಸವಕ್ಕೆ ನನ್ನ ಒಂದೇ ಅಂಗಡಿಯಿಂದ ಮುಖಂಡರ ಮುಖವಿರುವ ಫ್ಲೆಕ್ಸು ಮೂವತ್ತಕ್ಕಿಂತ ಹೆಚ್ಚು ಹೋದವು. ಮಷೀನು ನನ್ನಲ್ಲಿಲ್ಲ, ದಾವಣಗೆರೆಯಲ್ಲಿ ಹೊಡೆಸಿ ತರಿಸುತ್ತೇನೆ, ಕಮಿಷನ್ ಸಿಗುತ್ತದೆ, ಸುಳ್ಳೇಕೆ. ಹತ್ತಡಿ ಇಪ್ಪತ್ತಡಿಯ ಒಂದಕ್ಕೆ ಚೌಕಟ್ಟು ಸೇರಿ ಮೂರು ಸಾವಿರದ ಹತ್ತಿರ. ಏಳು ಫ್ಲೆಕ್ಸ್ ಬಿಟ್ಟರೆ ಒಬ್ಬ ಹುಡುಗ ಎಂಟು ದಿನ ಗೋವಾದಲ್ಲಿ ಬಸ್ಸು, ಸಾದಾ ಲಾಡ್ಜು, ಊಟ, ಪಾಸು ಎಲ್ಲ ಮುಗಿಸಿ ಬರುತ್ತಾನೆ. ಇನ್ನೆರಡು ಬಿಟ್ಟರೆ ಕುಂದಾಪುರದ ಕೆರಾಡಿಗೆ ಹೋಗಿ, ಕಾಂತಾರ ತೆಗೆದ ಊರಿನಲ್ಲಿ ದೈವದ ಚಾಕರಿ ಮಾಡುವವರ ಜೊತೆ ನಾಲ್ಕು ದಿನ ಕೂತು ಬರುತ್ತಾನೆ. ಮಳೆ ಬಂದರೆ ಹರಿದುಹೋಗುವ ಮುಖಂಡರ ಮುಖ ಹೆಚ್ಚೋ, ಇದು ಹೆಚ್ಚೋ? ಕಮಿಷನ್ ಹೋದರೆ ಹೋಗಲಿ.

ನನ್ನ ಪಾಲಿನದ್ದು ಹೇಳಿಬಿಡುತ್ತೇನೆ. ಬರುವ ನವೆಂಬರಿಗೆ ಗೋವಾಕ್ಕೋ ಡಿಸೆಂಬರಿಗೆ ತಿರುವನಂತಪುರಕ್ಕೋ ಹೋಗಿ ಬಂದವನು, ಹುಡುಗಿಯಾದರೆ ಇನ್ನೂ ಸಂತೋಷ, ಹದಿನಾರು ಪುಟಕ್ಕಾಗುವಷ್ಟು ಕನ್ನಡದಲ್ಲಿ ಬರೆದು ತರಲಿ. ಒಂದು ಫಾರಂ, ಸಾವಿರ ಪ್ರತಿ. ಕಾಗದದ ದುಡ್ಡು ಮಾತ್ರ ಕೊಡಿ, ಅಚ್ಚಿನ ಕೂಲಿ, ಹೊಲಿಗೆ ನನ್ನದು. ಈ ಪತ್ರಿಕೆಯ ಜೊತೆಗೇ ಹಂಚೋಣ. ಷರತ್ತು ಮೂರೇ. ಯಾರ ವ್ಯಾನನ್ನೂ ಹತ್ತಿರಬಾರದು, ಬಸ್ ಟಿಕೇಟು ನನಗೆ ತೋರಿಸಬೇಕು. 'ವಿಭಿನ್ನ' ಎಂಬ ಪದ ಒಂದು ಸಲವೂ ಬರಬಾರದು. ದೈವವನ್ನು ದೈವ, ದೆವ್ವವನ್ನು ದೆವ್ವ ಎಂದೇ ಬರೆದಿರಬೇಕು. ಪ್ರೂಫ್ ನಾನೇ ನೋಡುತ್ತೇನೆ.